ದುಡ್ಡು ಬರುತ್ತೆ, ಕೈ ಬರಲ್ಲ

(ಮಡಿಕೇರಿಯಲ್ಲಿ ಒಂದು ಶುಕ್ರವಾರ ಸಂಜೆ ಆಡಿದ ಮಾತಿನ ಬರಹ ರೂಪ. ಆಡುವಾಗ ದಾರಿ ತಪ್ಪಿದ ಒಂದೆರಡು ಕಡೆ ತಿದ್ದಿದ್ದೇನೆ. ಉಳಿದದ್ದು ಹಾಗೇ ಇದೆ.)

ಇವತ್ತು ಸಂತೆ ದಿನ, ಜೊತೆಗೆ ಈ ಮಳೆ. ಆದರೂ ಇಷ್ಟು ಜನ ಬಂದಿದ್ದೀರಿ. ಬಾಗಿಲ ಹತ್ತಿರ ಕೊಡೆಗಳ ರಾಶಿಯೇ ಇದೆ, ಎಲ್ಲವೂ ಕಪ್ಪು. ಹೋಗುವಾಗ ನಿಮ್ಮದೇ ನೋಡಿ ತೆಗೆದುಕೊಳ್ಳಿ.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಬ್ಯಾಂಕಿಗೆ ಕ್ಲರ್ಕಾಗಿ ಸೇರಿ, ಮ್ಯಾನೇಜರಾಗಿ ನಿವೃತ್ತನಾದವನು. ಕೆಲಸದ ಹೆಚ್ಚು ವರ್ಷ ಈ ಜಿಲ್ಲೆಯ ಶಾಖೆಗಳಲ್ಲೇ ಕಳೆದೆ. ದುಡ್ಡು ಎಲ್ಲಿಂದ ಬಂತು, ಯಾರ ಕೈ ಸೇರಿತು, ಆಮೇಲೆ ಏನಾಯಿತು ಅನ್ನುವುದನ್ನು ಕೌಂಟರಿನ ಒಳಗೆ ಕೂತು ನೋಡಿದ್ದೇನೆ. ಹೊರಗೆ ಹೋದವರು ಕಳಿಸುವ ದುಡ್ಡು ಊರಿಗೆ ಏನು ಮಾಡುತ್ತದೆ ಅಂತ ಕೇಳಿದ್ದೀರಿ. ಆ ಕೌಂಟರಿನಿಂದ ಕಂಡಷ್ಟು ಹೇಳುತ್ತೇನೆ.

ನಾನು ಚಿಕ್ಕವನಿದ್ದಾಗ ಹೊರಗಿನ ದುಡ್ಡು ಅಂದರೆ ಮಿಲಿಟ್ರಿ ದುಡ್ಡು. ಪೋಸ್ಟ್‌ಮ್ಯಾನ್ ಮನಿ ಆರ್ಡರ್ ತಂದರೆ ಮನೆಯವರೆಲ್ಲ ಜಗಲಿಗೆ ಬರುತ್ತಿದ್ದರು. ಫಾರಂನ ಕೆಳಗಡೆ ಎರಡು ಸಾಲು ಬರೆಯುವಷ್ಟು ಜಾಗ. ನಮ್ಮ ದೊಡ್ಡಪ್ಪ ಅಷ್ಟರಲ್ಲೇ ಎಲ್ಲ ತುರುಕುತ್ತಿದ್ದರು: ಹಸುವಿಗೆ ಹಿಂಡಿ ತನ್ನಿ, ಹುಡುಗನ ಫೀಸು ಕಟ್ಟಿ, ನಾನು ಹುತ್ತರಿ ಹಬ್ಬಕ್ಕೆ ಬರುವುದಿಲ್ಲ. ನನ್ನ ಫೀಸು ಹೋದದ್ದು ಅದರಲ್ಲೇ. ಕಾರ್ಯಪ್ಪನವರ, ತಿಮ್ಮಯ್ಯನವರ ಜಿಲ್ಲೆ ಅಂತ ನಾವು ಎದೆ ಉಬ್ಬಿಸುತ್ತೇವೆ, ಸರಿ. ಆದರೆ ಸಾವಿರಾರು ಸಾಮಾನ್ಯ ಸಿಪಾಯಿಗಳ ಸಂಬಳ, ಆಮೇಲೆ ಪಿಂಚಣಿ, ಈ ಗುಡ್ಡಗಳ ಮೇಲೆ ಎಷ್ಟು ಒಲೆ ಉರಿಸಿದೆ ಅನ್ನುವುದಕ್ಕೆ ಯಾರೂ ಪ್ರತಿಮೆ ನಿಲ್ಲಿಸಿಲ್ಲ.

ಆಮೇಲೆ ಗಲ್ಫ್ ಬಂತು. ಸುಂಟಿಕೊಪ್ಪ, ನಾಪೋಕ್ಲು, ಸಿದ್ದಾಪುರ, ವಿರಾಜಪೇಟೆ ಕಡೆಯಿಂದ ಹುಡುಗರು ಹೊರಟರು. ಡ್ರೈವರು, ಎಲೆಕ್ಟ್ರಿಷಿಯನ್ನು, ಅಂಗಡಿ ಕೆಲಸ. ಅವರ ಹಿಂದೆಯೇ ಇಂಜಿನಿಯರುಗಳು, ನರ್ಸುಗಳು, ಅಮೆರಿಕ, ಆಸ್ಟ್ರೇಲಿಯ, ಕೆನಡ. ಇವರೆಲ್ಲರ ಜೊತೆಗೆ ಬೆಂಗಳೂರು. ಬೆಂಗಳೂರು ವಿದೇಶ ಅಲ್ಲ, ನಿಜ. ಆದರೆ ಸೋಮವಾರಪೇಟೆಯ ಒಂದು ಮನೆಗೆ ಬೆಂಗಳೂರಿನ ಸಂಬಳವೂ ದುಬೈಯ ಸಂಬಳವೂ ಮಾಡುವ ಕೆಲಸ ಒಂದೇ. 2001ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ 5,48,561. ಹತ್ತು ವರ್ಷ ಬಿಟ್ಟು 2011ರಲ್ಲಿ 5,54,519. ದೇಶ ನೂರಕ್ಕೆ 17ರಷ್ಟು ಬೆಳೆದ ಹತ್ತು ವರ್ಷದಲ್ಲಿ ನಾವು ಬೆಳೆದದ್ದು ನೂರಕ್ಕೆ ಒಂದು. ಮಕ್ಕಳು ಕಮ್ಮಿ ಆದರು ಅನ್ನುವುದೂ ಕಾರಣವೇ. ಹೋದರು ಅನ್ನುವುದೂ ಕಾರಣ.

ಈಗ ದೊಡ್ಡ ಲೆಕ್ಕ. ಬೇಗ ಮುಗಿಸುತ್ತೇನೆ. ಹೊರದೇಶದಲ್ಲಿರುವ ತನ್ನವರಿಂದ ಅತಿ ಹೆಚ್ಚು ದುಡ್ಡು ಪಡೆಯುವ ದೇಶ ನಮ್ಮದು. 2024ರಲ್ಲಿ ಸುಮಾರು 12,900 ಕೋಟಿ ಡಾಲರ್ ಅಂತ ವಿಶ್ವ ಬ್ಯಾಂಕಿನ ಅಂದಾಜು. ವಿದೇಶಿ ಕಂಪನಿಗಳು ಇಲ್ಲಿಗೆ ತರುವ ನೇರ ಬಂಡವಾಳಕ್ಕಿಂತ ಇದು ಜಾಸ್ತಿ. ಹಿಂದೆಲ್ಲ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಗಲ್ಫ್ ದೇಶಗಳದ್ದು. ರಿಸರ್ವ್ ಬ್ಯಾಂಕಿನ 2023-24ರ ಸಮೀಕ್ಷೆಯಲ್ಲಿ ಅಮೆರಿಕ ಒಂದೇ ನೂರಕ್ಕೆ 28ರ ಹತ್ತಿರ ಬಂದಿದೆ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಪಾಲು ನೂರಕ್ಕೆ 7.7, ಕೇರಳದ್ದು 19.7.

ದುಡ್ಡು ಬಂದು ಎಲ್ಲಿಗೆ ಹೋಗುತ್ತದೆ? ರಿಸರ್ವ್ ಬ್ಯಾಂಕು ಕೆಲವು ವರ್ಷದ ಹಿಂದೆ ಅದನ್ನೂ ಕೇಳಿತ್ತು. ನೂರರಲ್ಲಿ 59 ರೂಪಾಯಿ ಮನೆ ಖರ್ಚಿಗೆ. 20 ರೂಪಾಯಿ ಬ್ಯಾಂಕ್ ಠೇವಣಿಗೆ. ಜಮೀನು, ಶೇರು ಅಂತ ಹೂಡಿದ್ದು 8 ರೂಪಾಯಿ ಚಿಲ್ಲರೆ. ಇದನ್ನು ನೋಡಿ ಕೆಲವರು ‘ಎಲ್ಲ ತಿಂದು ಹಾಕುತ್ತಾರೆ’ ಅಂತ ಮೂಗು ಮುರಿಯುತ್ತಾರೆ. ನನಗೆ ಆ ಮಾತು ಹಿಡಿಸುವುದಿಲ್ಲ. ನನ್ನ ಫೀಸು ಕೂಡ ‘ಮನೆ ಖರ್ಚು’ ಲೆಕ್ಕಕ್ಕೇ ಸೇರಿದ್ದು. ಅಜ್ಜಿಯ ಕಣ್ಣಿನ ಆಪರೇಷನ್ನೂ ಅದೇ ಲೆಕ್ಕ.

ಈ ದುಡ್ಡಿಗೆ ಒಂದು ದೊಡ್ಡ ಗುಣ ಇದೆ. ಊರು ಕೆಟ್ಟಾಗ ಅದು ಜಾಸ್ತಿ ಬರುತ್ತದೆ. ಬೇರೆ ಬಂಡವಾಳ ಹೆದರಿ ಓಡುವ ಹೊತ್ತಿಗೇ ಇದು ಬಾಗಿಲು ತಟ್ಟುತ್ತದೆ. ಕಾಫಿ ನೋಡಿ. ಯಾವ ದೇಶ ಎಷ್ಟು ಕಾಫಿ ಮಾರಬೇಕು ಅಂತ ಮಿತಿ ಹಾಕಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರಲ್ಲಿ ಮುರಿಯಿತು. ಬೆಳೆಗಾರರ ಕಾಫಿಯನ್ನೆಲ್ಲ ಬೋರ್ಡೇ ಒಟ್ಟುಮಾಡಿ ಮಾರುವ ಪೂಲಿಂಗ್ 1996ಕ್ಕೆ ಪೂರ್ತಿ ಹೋಯಿತು. ವಿಯೆಟ್ನಾಂ ಕಾಫಿ ಮಾರುಕಟ್ಟೆ ತುಂಬಿತು. 2001-02ರಲ್ಲಿ ರೇಟು ಪಾತಾಳಕ್ಕೆ ಬಿತ್ತು. ಆಗ ನಾನು ತೋಟದ ಸಾಲ ನೋಡುವ ಸೀಟಿನಲ್ಲಿದ್ದೆ. ಕಂತು ಕಟ್ಟದವರ ಪಟ್ಟಿ ಹಿಡಿದು ಒಂದೊಂದೇ ಮನೆ ಹತ್ತಿದವನು. ಒಂದೇ ಓಣಿ, ಒಂದೇ ಅಳತೆಯ ತೋಟ, ಒಂದೇ ರೇಟು. ಒಬ್ಬರು ಬೇಲಿ ಪಕ್ಕದ ಮೂರು ಏಕರೆ ಮಾರಿದರು. ಇನ್ನೊಬ್ಬರು ಮಾರಲಿಲ್ಲ. ಅವರ ಮನೆಯ ಹುಡುಗಿ ಮಸ್ಕತ್ತಿನಲ್ಲಿ ನರ್ಸಾಗಿದ್ದಳು, ಅಷ್ಟೇ ವ್ಯತ್ಯಾಸ. ತೋಟ ಉಳಿಸಿದ್ದು ತೋಟ ಅಲ್ಲ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗಲೂ ಅದೇ. ಮಕ್ಕಂದೂರು ಕಡೆಯವರು ಶಿಬಿರದಲ್ಲಿ ಇರುವಾಗಲೇ ಹೊರಗಿನ ನೆಂಟರ ದುಡ್ಡು ಫೋನಿಗೆ ಬಂದು ಬೀಳುತ್ತಿತ್ತು. ಸರ್ಕಾರದ ಪರಿಹಾರಕ್ಕೆ ಪಂಚನಾಮೆ ಆಗಬೇಕು, ತಮ್ಮನ ದುಡ್ಡಿಗೆ ಪಂಚನಾಮೆ ಬೇಡ. ಕೊರೋನಾ ಬಂದಾಗ ವಿಶ್ವ ಬ್ಯಾಂಕೇ ಏಮಾರಿತು. ಬಡ ದೇಶಗಳಿಗೆ ಹೋಗುವ ಈ ದುಡ್ಡು 2020ರಲ್ಲಿ ನೂರಕ್ಕೆ 20ರಷ್ಟು ಇಳಿಯುತ್ತದೆ ಅಂದಿತ್ತು. ಇಳಿದದ್ದು ಎರಡಕ್ಕಿಂತ ಕಮ್ಮಿ. ಅರ್ಧ ಹೊಟ್ಟೆ ಉಂಡಾದರೂ ಜನ ಕಳಿಸಿದರು.

ಆದರೆ ಎನ್‌ಆರ್‌ಐ ದುಡ್ಡೆಲ್ಲ ಒಂದೇ ಜಾತಿ ಅಂದುಕೊಳ್ಳಬೇಡಿ. ಅಮ್ಮನಿಗೆ ಕಳಿಸಿದ ದುಡ್ಡು ವಾಪಸು ಹೋಗುವುದಿಲ್ಲ. ಬಡ್ಡಿಗೆ ಅಂತ ಬಂದದ್ದು ಹೋಗುತ್ತದೆ. 1990ರಲ್ಲಿ ಇರಾಕ್ ಕುವೈತನ್ನು ನುಂಗಿತು. ಅಲ್ಲಿದ್ದ ಸುಮಾರು 1,70,000 ಭಾರತೀಯರನ್ನು ವಿಮಾನದಲ್ಲಿ ಕರೆತಂದರು. ಅದೇ ಹೊತ್ತಿಗೆ ಅನಿವಾಸಿಗಳು ಇಲ್ಲಿಟ್ಟಿದ್ದ ಡಾಲರ್ ಠೇವಣಿಗಳನ್ನು ಹಿಂದಕ್ಕೆ ತೆಗೆಯತೊಡಗಿದರು. 1991ರಲ್ಲಿ ದೇಶ ಚಿನ್ನ ಅಡ ಇಟ್ಟಿತು. ನಾವು ಬ್ಯಾಂಕಿನವರೇ ಜನರ ಬಳೆ ಅಡ ಇಟ್ಟುಕೊಳ್ಳುವವರು, ನಮ್ಮ ರಿಸರ್ವ್ ಬ್ಯಾಂಕಿನ ಚಿನ್ನ ಲಂಡನ್ನಿಗೆ ಹೋಯಿತು ಅಂತ ಪೇಪರಿನಲ್ಲಿ ಓದಿ ಶಾಖೆಯಲ್ಲಿ ಒಂದು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಏಳು ವರ್ಷ ಬಿಟ್ಟು, ಪೋಖ್ರಾನ್ ಪರೀಕ್ಷೆ ಆಗಿ ಹೊರದೇಶಗಳು ನಿರ್ಬಂಧ ಹಾಕಿದಾಗ, ಅದೇ ಅನಿವಾಸಿಗಳು ರಿಸರ್ಜೆಂಟ್ ಇಂಡಿಯಾ ಬಾಂಡಿಗೆ 420 ಕೋಟಿ ಡಾಲರ್ ಕೊಟ್ಟರು. ದೇಶಪ್ರೇಮವೂ ಇತ್ತು, ಬಡ್ಡಿಯೂ ಚೆನ್ನಾಗಿತ್ತು. ಎರಡರಲ್ಲಿ ಒಂದೇ ಇದ್ದಿದ್ದರೆ ಅಷ್ಟು ಬರುತ್ತಿತ್ತಾ, ನನಗೆ ಅನುಮಾನ.

ಸರಿ, ಈಗ ನಮ್ಮ ತೋಟಕ್ಕೆ ಬರೋಣ. ನನ್ನ ತಕರಾರು ಇರುವುದು ಇಲ್ಲೇ.

ಒಂದು ಡಿಸೆಂಬರಿನಲ್ಲಿ ಅಮೆರಿಕದಿಂದ ರಜೆಗೆ ಬಂದ ಒಬ್ಬರು ನನ್ನ ಚೇಂಬರಿಗೆ ಬಂದರು. ನಲವತ್ತರ ವಯಸ್ಸು. ಚಿಕ್ಕಪ್ಪನ ಮಗ ಐದು ಏಕರೆ ರೋಬಸ್ಟಾ ತೋಟ ಮಾರುತ್ತಿದ್ದಾನೆ, ಹೊರಗಿನವರಿಗೆ ಹೋಗುವುದು ಬೇಡ, ನಾನೇ ಕೊಳ್ಳುತ್ತೇನೆ, ಡಾಲರ್ ತರಿಸುವುದು ಹೇಗೆ ಹೇಳಿ ಅಂದರು. ತರಿಸಬಹುದು, ಕೊಳ್ಳುವ ಹಾಗಿಲ್ಲ ಅಂದೆ. ಅವರು ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು. ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ ತೆಗೆದು ತೋರಿಸಿದೆ. ಅನಿವಾಸಿಯಾದವರು ಮನೆ ಕೊಳ್ಳಬಹುದು, ಅಂಗಡಿ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಈ ಮೂರು ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದದ್ದು ಇಟ್ಟುಕೊಳ್ಳಬಹುದು. ಮಾರುವುದಾದರೆ ಇಲ್ಲೇ ವಾಸ ಇರುವ ಭಾರತೀಯರಿಗೆ ಮಾರಬೇಕು.

‘ಹಾಗಾದರೆ ಅಮ್ಮನಿಗೆ ಕಳಿಸ್ತೇನೆ, ಅಮ್ಮ ಕೊಳ್ಳಲಿ’ ಅಂದರು.

‘ಕೊಳ್ಳಲಿ. ಆದರೆ ಆಗ ಅದು ಅಮ್ಮನದೇ ತೋಟ. ಹೆಸರಿಗೆ ಮಾತ್ರ ಅಲ್ಲ, ನಿಜವಾಗಿ. ಮುಂದೆ ನಿಮ್ಮ ಅಕ್ಕನಿಗೂ ತಮ್ಮನಿಗೂ ಪಾಲು ಬರುತ್ತದೆ.’

ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಫಿ ಕುಡಿದು ಎದ್ದರು. ಆಮೇಲೆ ಕೇಳಿದೆ, ಕುಶಾಲನಗರದ ಹತ್ತಿರ ಪರಿವರ್ತನೆ ಆದ ಸೈಟು ತೆಗೆದುಕೊಂಡು ಮನೆ ಕಟ್ಟಿದರಂತೆ. ವರ್ಷಕ್ಕೆ ಮೂರು ವಾರ ಅದರ ಕಿಟಕಿ ತೆರೆಯುತ್ತದೆ.

ಈ ನಿಯಮಕ್ಕೆ ಅರ್ಥ ಇಲ್ಲ ಅನ್ನುವುದಿಲ್ಲ. ಡಾಲರ್ ಹಿಡಿದು ಬಂದವರು ಜಮೀನಿಗೆ ಇಳಿದರೆ ಇಲ್ಲಿಯ ಸಣ್ಣ ಬೆಳೆಗಾರ ಹರಾಜಿನಲ್ಲಿ ನಿಲ್ಲಲಾರ. ಆದರೆ ಫಲ ಏನಾಯಿತು ನೋಡಿ. ಕಾಫಿ ಗಿಡಕ್ಕೆ ಹೋಗಬಹುದಾಗಿದ್ದ ದುಡ್ಡು ಸಿಮೆಂಟಿಗೆ ತಿರುಗಿತು. ಜಮೀನಿನ ರೇಟೇನೂ ನಿಲ್ಲಲಿಲ್ಲ. ಅದನ್ನು ಏರಿಸಲು ಬೆಂಗಳೂರಿನ ದುಡ್ಡೇ ಸಾಕಾಯಿತು. 2020ರಲ್ಲಿ ರಾಜ್ಯ ಸರ್ಕಾರ ಭೂಸುಧಾರಣೆ ಕಾಯ್ದೆ ತಿದ್ದಿ, ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂದಿತು. ಅಂದರೆ ಸಾಫ್ಟ್‌ವೇರ್ ಕಂಪನಿಯಲ್ಲಿದ್ದು ವೈಟ್‌ಫೀಲ್ಡಿನಲ್ಲಿ ಮನೆ ಇದ್ದವರು ಗದ್ದೆ ಕೊಳ್ಳಬಹುದು. ಅದೇ ಕೆಲಸ ಮಾಡುತ್ತಾ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಹುಡುಗ ತನ್ನ ದಾಯಾದಿಯ ಗದ್ದೆ ಕೊಳ್ಳುವಂತಿಲ್ಲ.

ಇದಕ್ಕಿಂತ ದೊಡ್ಡ ಬೀಗ ಇನ್ನೊಂದಿದೆ. ಅದರ ಹೆಸರು ಆರ್‌ಟಿಸಿ, ಅಂದರೆ ಪಹಣಿ. ಜಮ್ಮಾ, ಅಂದರೆ ತಲೆಮಾರಿನಿಂದ ಇಡೀ ಮನೆತನಕ್ಕೆ ಬಂದ ಜಮೀನಿದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ದಾಖಲೆಯಲ್ಲಿ ತೀರಿಹೋದ ಪಟ್ಟೇದಾರರ, ಅಂದರೆ ಮನೆತನದ ಹಿರಿಯರ ಹೆಸರು, ಅವರ ಹಿಂದೆ ಒಂದು ಒಕ್ಕದ, ಅಂದರೆ ಮನೆತನದ, ಅಷ್ಟೂ ಜನ. ಪೌತಿ ಖಾತೆ ಆಗಿಲ್ಲ, ಅಂದರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾಗಿಲ್ಲ, ಪಾಲು ಆಗಿಲ್ಲ. ಅದರಲ್ಲಿ ಒಬ್ಬರು ಮೆಲ್ಬರ್ನ್, ಒಬ್ಬರು ಶಾರ್ಜಾ, ಒಬ್ಬರು ಮಾತು ಬಿಟ್ಟವರು. ಇಲ್ಲಿ ಉಳಿದ ಒಬ್ಬ ಬ್ಯಾಂಕಿಗೆ ಬಂದು ‘ಸಾರ್, ಕೆರೆ ತೆಗೆಸಬೇಕು, ಸಾಲ ಕೊಡಿ’ ಅಂದರೆ ನಾನು ಏನು ಅಡಮಾನ ಬರೆಸಿಕೊಳ್ಳಲಿ? ಶಾರ್ಜಾದವರು ಜಿಪಿಎ, ಅಂದರೆ ತಮ್ಮ ಪರವಾಗಿ ಸಹಿ ಮಾಡಲು ಅಧಿಕಾರ ಪತ್ರ, ಕಳಿಸುವುದಕ್ಕೆ ರಜೆ ಹಾಕಿ ದುಬೈ ಕಾನ್ಸುಲೇಟಿಗೆ ಹೋಗಬೇಕು. ಅದು ಬಂದಮೇಲೆ ಇಲ್ಲಿ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಅಷ್ಟರಲ್ಲಿ ಬೇಸಿಗೆ ಮುಗಿದು ಕೆರೆ ತೆಗೆಯುವ ಕಾಲ ಹೋಗಿರುತ್ತದೆ. ಕಾಫಿ ಹೂ ಅರಳಿಸುವ ಒಂದು ಹೂಮಳೆಯಿಂದ ಮುಂದಿನ ವರ್ಷದ ಹೂಮಳೆಯವರೆಗೆ ನಡೆದ ಜಿಪಿಎ ನಾನೇ ನೋಡಿದ್ದೇನೆ. ಕೊನೆಗೆ ಬಂದದ್ದರಲ್ಲಿ ಸರ್ವೆ ನಂಬರ್ ತಪ್ಪಿತ್ತು.

ಹೂಮಳೆ ಅಂದಾಗ ನೆನಪಾಯಿತು. ಹೊರಗಿನ ದುಡ್ಡು ಸರಿಯಾದ ಜಾಗಕ್ಕೆ ಬಿದ್ದರೆ ಹೇಗಿರುತ್ತದೆ ಅಂತ ಒಂದು ಸಲ ಕಣ್ಣಾರೆ ಕಂಡೆ. ರೋಬಸ್ಟಾಕ್ಕೆ ಫೆಬ್ರವರಿ ಮಾರ್ಚಿನಲ್ಲಿ ಒಂದು ಒಳ್ಳೆ ಮಳೆ ಬೇಕು, ಆಮೇಲೆ ಎರಡು ಮೂರು ವಾರಕ್ಕೆ, ಹೂ ಕಾಯಿ ಕಟ್ಟಲು, ಬ್ಯಾಕಿಂಗ್ ಮಳೆ ಬೇಕು. ಆಕಾಶ ಕೈಕೊಟ್ಟರೆ ವರ್ಷದ ಫಸಲು ಕೈಕೊಟ್ಟ ಹಾಗೆ. ಪಾಲಿಬೆಟ್ಟ ಕಡೆ ಒಬ್ಬರ ಮಗ ಹೊರದೇಶದಿಂದ ಎರಡು ವರ್ಷ ಕಳಿಸಿದ್ದನ್ನು ಅಪ್ಪ ಮನೆಗೆ ಮುಟ್ಟಿಸಲೇ ಇಲ್ಲ. ಮನೆಯ ಹೆಂಚು ಸೋರುತ್ತಲೇ ಇತ್ತು. ಅವರು ಕೆರೆ ಅಗೆಸಿದರು, ಪಂಪು ತಂದರು, ಅಲ್ಯೂಮಿನಿಯಂ ಪೈಪು, ಸ್ಪ್ರಿಂಕ್ಲರ್ ತಂದರು. ಆ ಮಾರ್ಚಿನಲ್ಲಿ ಮಳೆ ಬರಲಿಲ್ಲ. ಇನ್‌ಸ್ಪೆಕ್ಷನ್ನಿಗೆ ಹೋಗಿದ್ದೆ. ಬೇಲಿಯ ಈಚೆ ಪೂರ್ತಿ ಬೆಳ್ಳಗೆ, ಮಲ್ಲಿಗೆಯ ಹಾಗೆ ವಾಸನೆ, ಜೇನಿನ ಸದ್ದು. ಬೇಲಿಯ ಆಚೆ ಗಿಡಗಳಲ್ಲಿ ಮೊಗ್ಗು ಒಣಗಿ ನಿಂತಿತ್ತು. ಅಲ್ಲಿಯ ಹುಡುಗನೂ ಹೊರದೇಶದಲ್ಲೇ ಇದ್ದ. ಅವನ ದುಡ್ಡು ಗ್ರಾನೈಟ್ ಆಗಿತ್ತು. ಗ್ರಾನೈಟ್ ಹಾಕಿದ್ದು ತಪ್ಪು ಅನ್ನಲಾರೆ. ಹೊರಗೆ ಹೋಗಿ ಬೆವರು ಸುರಿಸಿದವನಿಗೆ ತನ್ನ ಮನೆಯ ನೆಲ ಹೊಳೆಯಲಿ ಅನ್ನಿಸುತ್ತದೆ, ಅಲ್ವಾ? ಮೇಸ್ತ್ರಿಗೂ ಬಡಗಿಗೂ ಸಿಮೆಂಟ್ ಅಂಗಡಿಗೂ ಅದರಿಂದ ಒಂದಷ್ಟು ತಿಂಗಳು ಕೆಲಸ ಸಿಗುತ್ತದೆ. ಕೆರೆ ಪ್ರತಿ ವರ್ಷ ಕೆಲಸ ಕೊಡುತ್ತದೆ, ಅಷ್ಟೇ.

ಆದರೆ ಆ ಬೆಳ್ಳಗಾದ ತೋಟದಲ್ಲೂ ಜನವರಿ ಬಂದಾಗ ಕೊಯ್ಯುವವರು ಬೇಕಲ್ಲ. ಮಗ ದುಡ್ಡು ಕಳಿಸಿದ, ಕೈ ಕಳಿಸಲಿಲ್ಲ. ಹೋದವರ ಕೈ ವಾಪಸು ಬರುವುದಿಲ್ಲ. ಇಲ್ಲಿರುವ ಹುಡುಗರೂ ಅಣ್ಣನ ದುಡ್ಡು ಬರುತ್ತಿರುವಾಗ ಚಿಕ್ಕ ಸಂಬಳಕ್ಕೆ ಬಗ್ಗುವುದಿಲ್ಲ. ಇದು ಸೋಮಾರಿತನ ಅಂತ ಬೈಯುವುದು ಸುಲಭ. ದೇಶ ದೇಶಗಳಲ್ಲಿ ಇದೇ ಕಥೆ. ನೇಪಾಳದ ಒಟ್ಟು ಉತ್ಪನ್ನದ ಕಾಲುಭಾಗದಷ್ಟು ದುಡ್ಡು ಹೊರಗಿನಿಂದ ಬರುತ್ತದೆ, ಬೆಟ್ಟದ ಗದ್ದೆಗಳು ಬೀಳು ಬಿದ್ದಿವೆ. ಕೇರಳದಲ್ಲಿ ಪತ್ತನಂತಿಟ್ಟ ಜಿಲ್ಲೆಯ ಕುಂಬನಾಡು ಅನ್ನುವ ಊರಿಗೆ ಹೋಗಿ ನೋಡಿ. ಬ್ಯಾಂಕ್ ಶಾಖೆಗಳು ಸಾಲಾಗಿ ಇವೆ. ಬೀಗ ಹಾಕಿದ ದೊಡ್ಡ ದೊಡ್ಡ ಮನೆಗಳಿವೆ. ವೃದ್ಧಾಶ್ರಮಗಳೂ ಇವೆ. ಅಂಥ ಕಡೆ ಠೇವಣಿ ಗುಡ್ಡದಷ್ಟಿದ್ದರೂ ಸಾಲ ಕೇಳುವವರು ಕಮ್ಮಿ. ಬ್ಯಾಂಕು ಸುಮ್ನೆ ಕೂರುತ್ತದಾ? ಆ ದುಡ್ಡು ಬೇರೆ ಊರಿನ ಸಾಲವಾಗಿ ಹೋಗುತ್ತದೆ. ಮಗ ಊರಿಗೆ ಅಂತ ಕಳಿಸಿದ್ದು ಊರು ದಾಟಿ ಹೋಯಿತು. ನಾವೂ ಆ ಕಡೆಗೇ ನಡೆಯುತ್ತಿದ್ದೇವಾ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಹಾಗಾದರೆ ಕೊಯ್ಯುವವರು ಯಾರು? ಸಿದ್ದಾಪುರಕ್ಕೆ ಭಾನುವಾರ ಸಂತೆಗೆ ಹೋಗಿ. ಮೊಬೈಲ್ ಅಂಗಡಿಯ ಮುಂದೆ ಅಸ್ಸಾಂನವರು ಸಾಲು ನಿಂತಿರುತ್ತಾರೆ. ನಾನು ಒಮ್ಮೆ ಚಾರ್ಜರ್ ಕೊಳ್ಳಲು ನಿಂತಿದ್ದೆ. ನನ್ನ ಮುಂದಿದ್ದ ಹುಡುಗಿ ರವಿಕೆಯೊಳಗಿಂದ ಪ್ಲಾಸ್ಟಿಕ್ ಕವರ್ ತೆಗೆದಳು. ಮಡಚಿ ಮಡಚಿ ಇಟ್ಟ ನೋಟು, ಮೂರು ಸಾವಿರ. ಬೆರಳ ತುದಿಯಲ್ಲಿ ಕಾಫಿ ಕರೆ ಕಪ್ಪಾಗಿ ಕೂತಿತ್ತು. ಅಂಗಡಿಯವನು ಎಣಿಸಿ ತನ್ನ ಫೋನಿನಿಂದ ಅವಳ ಊರಿಗೆ ಹಾಕಿದ, ಸಾವಿರಕ್ಕೆ ಹತ್ತರಂತೆ ಮೂವತ್ತು ರೂಪಾಯಿ ಹಿಡಿದುಕೊಂಡ. ಅವಳು ಹೊರಡಲಿಲ್ಲ. ಆ ಕಡೆಯಿಂದ ಅವಳ ಅಮ್ಮನೋ ಯಾರೋ ಫೋನ್ ಮಾಡಿ, ಬಂತು ಅಂದಮೇಲೆ ಪಕ್ಕಕ್ಕೆ ಸರಿದಳು.

ನನಗೆ ಪೋಸ್ಟ್‌ಮ್ಯಾನ್ ನೆನಪಾದ. ನಮ್ಮ ದೊಡ್ಡಪ್ಪ ಎಲ್ಲಿ ನಿಂತಿದ್ದರೋ ಅಲ್ಲಿ ಈಗ ಅವಳು ನಿಂತಿದ್ದಾಳೆ. ನಾವು ಅಮೆರಿಕದ, ದುಬೈಯ ದುಡ್ಡು ಬಂತಾ ಅಂತ ನೋಡುತ್ತಾ ಕೂತಿದ್ದೇವೆ. ಅಲ್ಲಿ ಅಸ್ಸಾಮಿನ ಒಂದು ಹಳ್ಳಿ ‘ಕೊಡಗಿನ ದುಡ್ಡು ಬಂತಾ’ ಅಂತ ಕಾಯುತ್ತಿದೆ. ಆ ಹಳ್ಳಿಗೆ ನಾವೇ ಗಲ್ಫ್. ಹಾಗಾದರೆ ಗಲ್ಫಿನಲ್ಲಿ ನಮ್ಮ ಹುಡುಗನಿಗೆ ಯಾವ ಥರದ ಕೋಣೆ, ಯಾವ ಥರದ ಮರ್ಯಾದೆ ಸಿಗಲಿ ಅಂತ ಕೇಳುತ್ತೇವೋ, ತೋಟದ ಕಾರ್ಮಿಕರು ಇರುವ ನಮ್ಮ ಲೈನ್‌ಮನೆಗಳಲ್ಲಿ ಅದು ಇದೆಯಾ ಅಂತ ಒಮ್ಮೆ ಇಣುಕಿ ನೋಡಬೇಕು. ಅಂದ ಹಾಗೆ, ಗಡಿ ದಾಟಿ 200 ಡಾಲರ್ ಕಳಿಸಲು ಪ್ರಪಂಚದಲ್ಲಿ ಸರಾಸರಿ ನೂರಕ್ಕೆ ಆರಕ್ಕಿಂತ ಜಾಸ್ತಿ ಹಿಡಿಯುತ್ತಾರೆ. 2030ರೊಳಗೆ ಮೂರಕ್ಕೆ ಇಳಿಸಬೇಕು ಅನ್ನುವುದು ವಿಶ್ವಸಂಸ್ಥೆಯ ಗುರಿ. ನಮ್ಮ ಸಿದ್ದಾಪುರದ ಅಂಗಡಿಯವನು ಒಂದರಲ್ಲೇ ಮುಗಿಸುತ್ತಿದ್ದಾನೆ.

ಒಬ್ಬೊಬ್ಬರೇ ಕಳಿಸಿದರೆ ಮನೆ ಆಗುತ್ತದೆ, ಕೂಡಿ ಕಳಿಸಿದರೆ? ಕೊಚ್ಚಿ ವಿಮಾನ ನಿಲ್ದಾಣ ಅದಕ್ಕೆ ಉತ್ತರ. ಸರ್ಕಾರದ ಹತ್ತಿರ ದುಡ್ಡಿರಲಿಲ್ಲ. ಸುಮಾರು 30 ದೇಶಗಳ ಹತ್ತು ಸಾವಿರದಷ್ಟು ಅನಿವಾಸಿಗಳು ಶೇರು ಹಾಕಿದರು, 1999ರಲ್ಲಿ ವಿಮಾನ ಹಾರಿತು. 2018ರ ಡಿಸೆಂಬರಿನಲ್ಲಿ ಕಣ್ಣೂರಿನಲ್ಲೂ ನಿಲ್ದಾಣ ಶುರುವಾಯಿತು. ಈಗ ವಿರಾಜಪೇಟೆಯ ಹುಡುಗ ಮಾಕುಟ್ಟ ಇಳಿದು ಅಲ್ಲಿಂದಲೇ ಗಲ್ಫಿಗೆ ಹೋಗುತ್ತಾನೆ. ಮೆಕ್ಸಿಕೋದಲ್ಲಿ ಇನ್ನೊಂದು ದಾರಿ ಹಿಡಿದಿದ್ದರು. ಅಮೆರಿಕದಲ್ಲಿರುವ ಒಂದೂರಿನ ಜನ ಸಂಘ ಮಾಡಿಕೊಂಡು ತಮ್ಮ ಊರಿಗೆ ಒಂದು ಪೆಸೊ ಕೊಟ್ಟರೆ, ಕೇಂದ್ರ ಸರ್ಕಾರ ಒಂದು, ರಾಜ್ಯ ಒಂದು, ಊರಿನ ಆಡಳಿತ ಒಂದು ಸೇರಿಸಿ ನಾಲ್ಕು ಮಾಡುತ್ತಿತ್ತು. ಒಂದಕ್ಕೆ ಮೂರು ಅಂತಲೇ ಅದರ ಹೆಸರು. ರಸ್ತೆ, ನೀರು, ಶಾಲೆ ಆದವು. ಹೆಚ್ಚು ಜನ ಹೊರಗೆ ಹೋದ ಊರಿಗೇ ಹೆಚ್ಚು ಸಿಕ್ಕಿತು, ತೀರಾ ಬಡ ಊರಿಗೆ ಸಿಗಲಿಲ್ಲ ಅನ್ನುವ ದೂರೂ ಇತ್ತು.

ಕೂಡಿ ಮಾಡುವುದು ನಮಗೆ ಗೊತ್ತಿಲ್ಲದ್ದಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಒಕ್ಕಕ್ಕೊಂದು ತಂಡ ಆಡುವ ಕೌಟುಂಬಿಕ ಹಾಕಿ ಶುರುಮಾಡಿದರು. ಅಲ್ಲಿಂದ, ನಡುವೆ ನಿಂತ ಕೆಲವು ವರ್ಷ ಬಿಟ್ಟರೆ, ವರ್ಷಕ್ಕೊಂದು ಒಕ್ಕ ಅದನ್ನು ಹೊತ್ತುಕೊಂಡಿದೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿದವು. ಲೆಕ್ಕಪತ್ರ, ಚಂದಾ, ಮೈದಾನ, ಊಟ, ಹೊರದೇಶದಿಂದ ಬರುವವರ ಟಿಕೆಟು, ಎಲ್ಲ ಸಮಯಕ್ಕೆ ಸರಿಯಾಗಿ ನಡೆಯುತ್ತದೆ. ಹಾಕಿಗೆ ಒಂದಾಗುವ ಒಕ್ಕ ಕೆರೆಗೆ, ಕಣಕ್ಕೆ, ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಯೂನಿಟ್ಟಿಗೆ ಯಾಕೆ ಒಂದಾಗುವುದಿಲ್ಲ? ನಾನು ಇದನ್ನು ಕೇಳಿದಾಗಲೆಲ್ಲ ಸಿಗುವ ಉತ್ತರ ಒಂದೇ: ಹಾಕಿಯಲ್ಲಿ ಪಾಲಿನ ಪ್ರಶ್ನೆ ಇಲ್ಲ.

ಮಾತು ಮುಗಿದಮೇಲೆ ಪ್ರಶ್ನೆಗಳು ಬಂದವು. ಹಿರಿಯರೊಬ್ಬರು, ಮಗ ಕಳಿಸಿದ್ದನ್ನು ಮುಟ್ಟದೆ ಎಫ್‌ಡಿ ಮಾಡಿಟ್ಟಿದ್ದೇನೆ, ವಾಪಸು ಬಂದಾಗ ಅವನಿಗೇ ಬೇಕಾಗುತ್ತದೆ ಅಂದರು. ಎಷ್ಟು ವರ್ಷವಾಯಿತು ಅಂತ ಕೇಳಿದೆ. ಹದಿನೆಂಟು ಅಂದರು. ನಾನು ಮುಂದೆ ಕೇಳಲಿಲ್ಲ.

ಕೊನೆಯಲ್ಲಿ ಒಬ್ಬ ಹುಡುಗ ಎದ್ದ. ‘ಸಾರ್, ಕೆನಡಕ್ಕೆ ವೀಸಾ ಬಂದಿದೆ. ಹೋಗಲಾ, ಬೇಡವಾ?’

‘ಹೋಗಪ್ಪ. ಹೋಗುವ ಮುಂಚೆ ಆರ್‌ಟಿಸಿ ಯಾರ ಹೆಸರಿನಲ್ಲಿದೆ ನೋಡು.’

‘ಮುತ್ತಜ್ಜನ ಹೆಸರಲ್ಲಿದೆ.’

‘ಹಾಗಾದರೆ ನಾಳೆಯೇ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬಾ.’

ಹುಡುಗ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ. ನಾಳೆ ಎರಡನೇ ಶನಿವಾರ, ಕಚೇರಿ ಇರಲ್ಲ ಅಂತ ಹಿಂದಿನ ಸಾಲಿನಿಂದ ಯಾರೋ ಹೇಳಿದರು.